ಹಳೇ ಆಂಕರ್‌ನಲ್ಲೇ ಬಾಲದ ಗಡಿಯಾರ ನಡೆಸಿದೆ

ಎಲ್ಲರದೂ ಒಂದೇ ಮಾತು. ಗಡಿಯಾರಕ್ಕೆ ಹೊಸ ಆಂಕರ್ (ಪೆಂಡುಲಮ್ ಜೊತೆ ಆಡುತ್ತಾ ಚಕ್ರವನ್ನು ಒಂದೊಂದೇ ಹಲ್ಲು ಬಿಡುವ ಉಕ್ಕಿನ ಕೊಕ್ಕೆ) ಹಾಕಿಸಿ, ಇಲ್ಲಾಂದ್ರೆ ಸುಮ್ನೆ ಅಲಂಕಾರಕ್ಕೆ ನೇತುಹಾಕಿ. ನಾನು ಎರಡನ್ನೂ ಮಾಡಲಿಲ್ಲ. ಏಳು ತಿಂಗಳಾಯ್ತು, ಗಡಿಯಾರ ಒಂದು ದಿನವೂ ನಿಂತಿಲ್ಲ.

ನಾನಿರುವುದು ನೆದರ್ಲೆಂಡ್ಸ್‌ನ ಆಮ್‌ಸ್ಟಲ್‌ವೇನ್‌ನಲ್ಲಿ. ಏಪ್ರಿಲ್ 27, ರಾಜನ ಹುಟ್ಟುಹಬ್ಬದ ದಿನ, ಇಲ್ಲಿನ ಜನ ಮನೆಯ ಹಳೇ ಸಾಮಾನು ಬೀದಿಯಲ್ಲಿ ಹರಡಿ ಮಾರುತ್ತಾರೆ. ಅಲ್ಲಿ ಸಿಕ್ಕಿದ್ದು ಫ್ರೀಸ್‌ಲ್ಯಾಂಡಿನ ಸ್ಟಾರ್ಟ್‌ಕ್ಲೋಕ್, ಅಂದ್ರೆ ಬಾಲದ ಗಡಿಯಾರ. ಗಡಿಯಾರದ ನೆತ್ತಿಯಲ್ಲಿ ಗೋಳ ಹೊತ್ತು ನಿಂತ ಗ್ರೀಕ್ ಪುರಾಣದ ಅಟ್ಲಾಸ್, ಎರಡೂ ಪಕ್ಕ ತುತ್ತೂರಿ ಹಿಡಿದ ದೇವದೂತರು, ಕೆಳಗಿನ ಉದ್ದ ಬಾಲದೊಳಗೆ ಹೆಚ್ಚುಕಮ್ಮಿ ಒಂದು ಮೀಟರಿನ ಪೆಂಡುಲಮ್. 70 ಯೂರೋ ಹೇಳಿದರು, 55ಕ್ಕೆ ತಂದೆ. ರಿಪೇರಿಯವರು ಕೇಳಿದ್ದು 400ರ ಮೇಲೆ.

ಮೊದಲು ಪಿವಟ್ ತೂತುಗಳು, ಅಂದ್ರೆ ಚಕ್ರದ ದಂಡದ ತುದಿ ತಿರುಗುವ ತೂತುಗಳು, ಸವೆದಿವೆ ಅಂದುಕೊಂಡು ಅವಕ್ಕೆ ಮೂರು ಬುಷ್ (ಹೊಸ ಒಳಬಳೆ) ಹಾಕಿದೆ. ಎರಡು ಗಂಟೆ ನಡೆದು ನಿಂತಿತು. ಆಮೇಲೆ ಗಡಿಯಾರವನ್ನು ಎಳೆಯುವ ಗುಂಡಿನ ತೂಕ ಜಾಸ್ತಿ ಮಾಡಿದೆ, ಮೂರು ಕಿಲೋ ಇದ್ದದ್ದನ್ನು ನಾಲ್ಕು ಮಾಡಿದೆ. ಇದನ್ನು ಯಾರೂ ಮಾಡಬೇಡಿ. ಗಡಿಯಾರ ನಡೆಯಿತು ನಿಜ, ಆದರೆ ಒಂದು ರಾತ್ರಿ ಚೈನು ಜಾರಿ ಗುಂಡು ಧಡ್ ಅಂತ ನೆಲಕ್ಕೆ ಬಿತ್ತು, ಮರದ ನೆಲದಲ್ಲಿ ಗುಳಿ ಇನ್ನೂ ಇದೆ. ಇದರಲ್ಲಿರುವುದು ಡಚ್ ವಿಜ್ಞಾನಿ ಹೈಗನ್ಸ್‌ನ ಕೊನೆಯಿಲ್ಲದ ಚೈನು, ಒಂದೇ ಗುಂಡು ಗಡಿಯಾರ ನಡೆಸುವುದಕ್ಕೂ ಗಂಟೆ ಹೊಡೆಯುವುದಕ್ಕೂ ಎಳೆಯುತ್ತದೆ. ಹೊಸ ಚೈನು ತರಿಸಿದೆ, 18 ಯೂರೋ, ಕೊಂಡಿ ಅಳತೆ ತಪ್ಪು. ಇನ್ನೊಂದಕ್ಕೆ 22. ಒಂದು ಕೊಂಡಿ ಅಳೆದರೆ ಸಾಲದು, ಹತ್ತು ಕೊಂಡಿ ಎಳೆದು ಹಿಡಿದು ಅಳೆಯಬೇಕು.

ನಿಜವಾದ ರೋಗ ಕಂಡದ್ದು ಕಣ್ಣಿಗೆ ಲೂಪ್ (ಭೂತಗನ್ನಡಿ) ಇಟ್ಟು ಪ್ಯಾಲೆಟ್, ಅಂದ್ರೆ ಆಂಕರ್‌ನ ತುದಿ, ನೋಡಿದಾಗ. ಆಂಕರ್ ಹಿಡಿದು ಬಿಡುವ ಎಸ್ಕೇಪ್ ಚಕ್ರದ ಹಲ್ಲು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಉಜ್ಜಿ, ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು ಹೊಂಡ ಬಿದ್ದಿತ್ತು. ಹಲ್ಲು ಆ ಹೊಂಡದಿಂದ ಹತ್ತಿ ಬರುವುದರಲ್ಲೇ ಪೆಂಡುಲಮ್‌ಗೆ ಸಿಗಬೇಕಾದ ಒತ್ತು ಮುಗಿದು ಹೋಗುತ್ತಿತ್ತು. ಆದರೆ ಪ್ಯಾಲೆಟ್ ಅಗಲ ಆರು ಮಿಲಿಮೀಟರ್, ಹೊಂಡ ಬಿದ್ದಿರುವುದು ಒಂದೂವರೆಯಲ್ಲಿ ಮಾತ್ರ. ಪಕ್ಕದ ಉಕ್ಕು ಹೊಸದರ ಹಾಗೇ ಇದೆ, ಅಲ್ವಾ? ಹಲ್ಲು ಆ ಜಾಗಕ್ಕೆ ತಾಗಲಿ ಅಂತ ಆಂಕರನ್ನೇ ಅದರ ದಂಡದ ಮೇಲೆ ಎರಡು ಮಿಲಿಮೀಟರ್ ಸರಿಸಿದೆ. ನನ್ನದರಲ್ಲಿ ಬೆಸುಗೆ ಇಲ್ಲ, ಬಿಗಿಯಾಗಿ ಬಡಿದು ಕೂರಿಸಿದ್ದು. ಕೋನ ಕೆಡದ ಹಾಗೆ ಮೊದಲೇ ಸಣ್ಣ ಗೀರು ಎಳೆದುಕೊಂಡೆ. ಬೆಂಕಿ ತೋರಿಸಲಿಲ್ಲ, ಉಕ್ಕಿನ ಗಡಸು ಹೋಗುತ್ತದೆ. ದಂಡ ಬಾಗದಂತೆ ವೈಸ್‌ನಲ್ಲಿ ಹೇಗೆ ಹಿಡಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ, ಅದನ್ನು ಕಲಿಯಲು ಎರಡು ಹಳೇ ದಂಡ ಹಾಳು ಮಾಡಿದ್ದೇನೆ.

ನಡುವೆ ಗಡಿಯಾರದ ಹಿತ್ತಾಳೆ ಭಾಗ ತೊಳೆಯುವ ಪ್ರಯೋಗವೂ ನಡೆಯಿತು. ಅಮೋನಿಯಾ ಹಳೇ ಹಿತ್ತಾಳೆಯಲ್ಲಿ ಬಿರುಕು ತರಬಹುದು, ಅದಕ್ಕೆ ಮುಟ್ಟಲಿಲ್ಲ. ಅಮ್ಮ ಚೊಂಬು ತಿಕ್ಕುವ ಹಾಗೆ ಹುಣಸೆಹಣ್ಣಿನಿಂದ ಒಂದು ಗುಜರಿ ಚಕ್ರ ತಿಕ್ಕಿದೆ. ಫಳಫಳ ಅಂತು, ಆದರೆ ಅಲ್ಲಲ್ಲಿ ಕೆಂಪು ಮಚ್ಚೆ, ಅದರ ಉಕ್ಕಿನ ಪಿನಿಯನ್‌ಗೆ (ಚಿಕ್ಕ ಹಲ್ಲುಚಕ್ರಕ್ಕೆ) ಮಾರನೇ ದಿನವೇ ತುಕ್ಕು. ಆಮೇಲೆ ಊರಿಂದ ತಂದ ಅಂಟುವಾಳ ನೆನಪಾಯ್ತು. ಬಂಗಾರ ತೊಳೆಯುವವರು ಬಳಸುತ್ತಾರಲ್ಲ, ಅದೇ. ಉಗುರುಬೆಚ್ಚಗಿನ ನೀರು, ಹಳೇ ಹಲ್ಲುಜ್ಜುವ ಬ್ರಷ್, ಕೂಡಲೇ ಹೇರ್ ಡ್ರೈಯರ್. ಎಣ್ಣೆ ಜಿಡ್ಡು ಪೂರ್ತಿ ಬಿಟ್ಟಿತು. ಎಷ್ಟು ಕಾಯಿ, ಎಷ್ಟು ಹೊತ್ತು ಅಂತ ಈಗಲೇ ಹೇಳಲ್ಲ.

ಈಗ ವಾರಕ್ಕೆ ಒಂದು ನಿಮಿಷ ಆಚೀಚೆ. ಪೆಂಡುಲಮ್ ಒಂದು ಮಿಲಿಮೀಟರ್ ಇಳಿಸಿದರೆ ದಿನಕ್ಕೆ ಸುಮಾರು 43 ಸೆಕೆಂಡ್ ಹಿಂದೆ ಬೀಳುತ್ತದೆ, ಹಾಗಾಗಿ ನಟ್ಟನ್ನು ಕೂದಲೆಳೆಯಷ್ಟೇ ತಿರುಗಿಸಬೇಕು. ಒಟ್ಟು ಖರ್ಚು ಗಡಿಯಾರವೂ ಸೇರಿ 130 ಯೂರೋ ಒಳಗೆ.

ಹಾಸನದಿಂದ ಬಂದಿದ್ದ ಅಮ್ಮ, ಹನ್ನೊಂದೂವರೆಗೆ ಹನ್ನೆರಡು ಹೊಡೆದದ್ದು ಕೇಳಿ "ತಪ್ಪು ಹೊಡೀತಿದೆ ಕಣೋ" ಅಂದರು. ತಪ್ಪಲ್ಲ. ಇಂಥ ಹಳೇ ಡಚ್ ಗಡಿಯಾರ ಅರ್ಧ ಗಂಟೆಗೆ ಮುಂದಿನ ಗಂಟೆಯ ಎಣಿಕೆಯನ್ನೇ ಬೇರೆ ದನಿಯ ಚಿಕ್ಕ ಗಂಟೆಯ ಮೇಲೆ ಹೊಡೆಯುತ್ತದೆ. ಮಾರನೇ ದಿನದಿಂದ ಅವರು ಅಡುಗೆಮನೆಯಲ್ಲಿ ನಿಂತೇ ದನಿ ಕೇಳಿ ಅರ್ಧವೋ ಪೂರ್ತಿಯೋ ಅಂತ ಹೇಳುತ್ತಿದ್ದರು.