ಹಂಗೇರಿಯನ್ ಪದಕ್ಕೆ ಪ್ರತ್ಯಯ ಹಚ್ಚುವುದು ಹೇಗೆ?

‘ಮನೆಗಳಲ್ಲಿ’ ಎಂದು ಯೋಚಿಸದೆ ಹೇಳುವವರಿಗೆ ಹಂಗೇರಿಯನ್ ವ್ಯಾಕರಣ ತೀರಾ ಅಪರಿಚಿತವಲ್ಲ. ಅಲ್ಲಿಯೂ ‘ಒಳಗೆ’, ‘ಮೇಲೆ’, ‘ಜೊತೆ’ ಎಲ್ಲ ನಾಮಪದದ ಬೆನ್ನಿಗೇ ಅಂಟುತ್ತವೆ. ವಿಭಕ್ತಿಗಳು ಸುಮಾರು 18 ಎಂದು ಎಣಿಸುವುದು ರೂಢಿ. ಆ ಸಂಖ್ಯೆಗೆ ಹೆದರಬೇಡಿ, ಹೊಸಬರು ಎಡವುವುದು ಸ್ವರಗಳಲ್ಲಿ.

ಹಾಗಾಗಿ ಮೊದಲು ಪದದ ಸ್ವರ ನೋಡಿ. ಅ, ಆ, ಒ, ಓ, ಉ, ಊ ಒಂದು ಗುಂಪು. ಎ, ಏ, ಇ, ಈ ಮತ್ತು ತುಟಿ ದುಂಡಗೆ ಮಾಡಿ ನುಡಿಯುವ ಎ, ಇ ಇನ್ನೊಂದು. (ಇಲ್ಲಿ ‘ಅ’ ಎಂದು ಬರೆದದ್ದು ಉಚ್ಚಾರದಲ್ಲಿ ತುಸು ‘ಒ’ ಕಡೆ ವಾಲುತ್ತದೆ.) ಪ್ರತ್ಯಯವೂ ಅದೇ ಗುಂಪಿನದಾಗಬೇಕು. ಹಾಜ಼್ ಎಂದರೆ ಮನೆ, ಮನೆಯಲ್ಲಿ ಎನ್ನಲು ಹಾಜ಼್‌ಬನ್. ಕೆರ್ತ್ ಎಂದರೆ ತೋಟ, ತೋಟದಲ್ಲಿ ಎನ್ನಲು ಕೆರ್ತ್‌ಬೆನ್. ‘ಹತ್ತಿರಕ್ಕೆ’ ಎನ್ನುವ ಪ್ರತ್ಯಯಕ್ಕೆ ಮೂರು ರೂಪಗಳಿವೆ: ಹೊಜ಼್, ಹೆಜ಼್, ಮತ್ತು ನಮ್ಮ ಲಿಪಿಗೆ ಸಿಗದ ದುಂಡುತುಟಿಯ ಹೆಜ಼್.

ಸಮಾಸಪದವಾದರೆ ಕೊನೆಯ ಭಾಗದ ಮಾತೇ ನಡೆಯುತ್ತದೆ. 1873ರಲ್ಲಿ ಬುದಾ, ಓಬುದಾ, ಪೆಶ್ತ್ ಸೇರಿ ಆದ ಬುದಪೆಶ್ತ್‌ನ ಕೊನೆಯಲ್ಲಿ ‘ಎ’ ಇರುವುದರಿಂದ ಬುದಪೆಶ್ತೆನ್. ಈ ‘ಎನ್’ ಅರ್ಥ ‘ಮೇಲೆ’! ಹಂಗೇರಿಯ ಬಹುಪಾಲು ಊರುಗಳ ‘ಮೇಲೆ’ ಇರುತ್ತಾರೆ, ದೆಬ್ರೆತ್ಸೆನ್‌ನಂಥ ಕೆಲವು ಊರುಗಳ ‘ಒಳಗೆ’: ದೆಬ್ರೆತ್ಸೆನ್‌ಬೆನ್. ಹೊರದೇಶದ ಊರುಗಳಿಗೆ ‘ಒಳಗೆ’ಯೇ, ಆದ್ದರಿಂದ ಬೆಂಗಳೂರುಬನ್.

ಇ, ಈ, ಏ ಮಾತ್ರ ಇರುವ ಪದಗಳಲ್ಲಿ ಎಚ್ಚರ ಬೇಕು. ವೀಜ಼್ (ನೀರು) ನಿಯಮದಂತೆ ವೀಜ಼್‌ಬೆನ್ ಆಗುತ್ತದೆ. ಆದರೆ ಹೀದ್ (ಸೇತುವೆ) ವಿರುದ್ಧ ಗುಂಪು ಸೇರಿ ಹೀದೊನ್ ಎನಿಸಿಕೊಳ್ಳುತ್ತದೆ. ಕಾರಣ ಹುಡುಕುತ್ತ ಕೂರದೆ ಪದದ ಜೊತೆಗೇ ಬಹುವಚನವನ್ನೂ ಬಾಯಿಪಾಠ ಮಾಡಿ: ಹೀದ್, ಹಿದಕ್. ಗುಂಪು ಅಲ್ಲೇ ಗೊತ್ತಾಗುತ್ತದೆ, ಸ್ವರ ಗಿಡ್ಡವಾಗುವುದೂ ಕಾಣುತ್ತದೆ.

ಎರಡನೆಯದು, ಪದ ಮತ್ತು ಪ್ರತ್ಯಯ ಕೂಡುವ ಜಾಗ. ಕೊನೆಯ ಹ್ರಸ್ವ ಅ, ಎ ದೀರ್ಘವಾಗುತ್ತವೆ: ಅಲ್ಮ (ಸೇಬು) ಹೋಗಿ ಅಲ್ಮಾತ್ (ಸೇಬನ್ನು). ನಿಜವಾದ ಮಜಾ ‘ಜೊತೆ, ಇಂದ’ ಎಂಬರ್ಥದ ವಲ್/ವೆಲ್‌ನಲ್ಲಿ. ಪದ ವ್ಯಂಜನದಲ್ಲಿ ಮುಗಿದರೆ ‘ವ’ ತನ್ನ ಗುರುತು ಬಿಟ್ಟು ಆ ವ್ಯಂಜನವೇ ಆಗಿಬಿಡುತ್ತದೆ. ಬುಸ್ (ಬಸ್ಸು) + ವಲ್ = ಬುಸ್ಸಲ್. ಕೇಶ್ (ಚಾಕು) + ವೆಲ್ = ಕೇಶ್ಶೆಲ್. ಹಾಲು ಹಾಕಿದ ಕಾಫಿ ಬೇಕಾದರೆ ‘ಕಾವೇ ತೆಯ್ಯೆಲ್’ ಎನ್ನಿ: ತೆಯ್ ಅಂದರೆ ಹಾಲು. ‘ತೆಯ್‌ವೆಲ್’ ಎಂದರೂ ಹಾಲು ಬಂದೀತು, ಹೊಸಬರೆಂದು ಗೊತ್ತಾಗುತ್ತದೆ ಅಷ್ಟೆ. ಸ್ವರಾಂತ ಪದದಲ್ಲಿ ‘ವ’ ಉಳಿಯುತ್ತದೆ: ಔತೋವಲ್, ಕಾರಿನಲ್ಲಿ.

ಮೂರನೆಯದು ಸರದಿ. ಮೂಲಪದ, ಬಹುವಚನ, ‘ನನ್ನ-ನಿನ್ನ’, ಕಡೆಗೆ ವಿಭಕ್ತಿ. ಮನೆಗಳು ಹಾಜ಼ಕ್, ನನ್ನ ಮನೆ ಹಾಜ಼ಮ್. ಇವೆರಡನ್ನು ಜೋಡಿಸಿ ‘ಹಾಜ಼ಕಮ್’ ಎಂದರೆ ತಪ್ಪು. ಒಡೆತನ ಬಂದ ಕೂಡಲೇ ಬಹುವಚನದ ‘ಕ್’ ಜಾಗಕ್ಕೆ ‘ಇ’ ಬರುತ್ತದೆ: ಹಾಜ಼ಇಮ್, ನನ್ನ ಮನೆಗಳು, ಹಾಜ಼ಇಮ್‌ಬನ್, ನನ್ನ ಮನೆಗಳಲ್ಲಿ. ಸಂಖ್ಯೆ ಮುಂದಿದ್ದರೆ ಬಹುವಚನವೇ ಬೇಡ. ‘ಎರಡು ಮನೆ’ ಎನ್ನುವ ನಮ್ಮ ಆಡುಮಾತಿನ ರೂಢಿ ಅಲ್ಲಿ ಕಟ್ಟುನಿಟ್ಟಿನ ನಿಯಮ: ಕೇತ್ ಹಾಜ಼್.

ಕನ್ನಡಿಗರು ಹೆಚ್ಚು ತಪ್ಪುವುದು ‘ಈ’, ‘ಆ’ ಬಂದಾಗ. ‘ದೊಡ್ಡ ಮನೆಯಲ್ಲಿ’ ಎಂಬಲ್ಲಿ ವಿಶೇಷಣಕ್ಕೆ ಪ್ರತ್ಯಯವಿಲ್ಲ, ಅಲ್ಲೂ ಹಾಗೆಯೇ. ಆದರೆ ‘ಈ ಮನೆಯಲ್ಲಿ’ ಎನ್ನುವಾಗ ‘ಈ’ಗೂ ಪ್ರತ್ಯಯ ಹಚ್ಚಲೇಬೇಕು: ಎಬ್ಬೆನ್ ಅ ಹಾಜ಼್‌ಬನ್, ಅಂದರೆ ‘ಇದರಲ್ಲಿ ಮನೆಯಲ್ಲಿ’. ಮಾತಿನ ಭರದಲ್ಲಿ ಸ್ಥಳೀಯರು ‘ಬನ್’ನ ‘ನ್’ ನುಂಗುವುದುಂಟು. ಬರೆಯುವಾಗ ಮಾತ್ರ ಬಿಡಬಾರದು, ಏಕೆಂದರೆ ‘ಬ’ ಎಂದರೆ ‘ಒಳಕ್ಕೆ’.

ಇನ್ನೊಂದು ಕಡೆಯೂ ಎರಡೂ ಭಾಷೆ ಒಂದೇ ದಾರಿ ಹಿಡಿಯುತ್ತವೆ. ‘ನನಗೆ ಕಾರಿದೆ’ ಎಂಬ ನಮ್ಮ ಚತುರ್ಥಿಯೇ ಅಲ್ಲಿಯದೂ: ನೆಕೆಮ್ ವನ್ ಔತೋಮ್. ನೆಕೆಮ್ ‘ನನಗೆ’, ವನ್ ‘ಇದೆ’. ಔತೋ ಬೆನ್ನಿಗೆ ‘ನನ್ನ’ ಎನ್ನುವ ಆ ಪುಟ್ಟ ‘ಮ್’ ಒಂದನ್ನು ಮರೆಯದಿದ್ದರಾಯಿತು.