ಲೈನ್‌ಮನೆ ಮಕ್ಕಳಿಗೆ ಹುಳದ ಮಾತ್ರೆ ಕೊಡುವ ಕ್ರಮ

‘ಮನೆಗೆ ಹೋಗಿ ತಿನ್ನಿಸಿ’ ಎಂದು ಕೈಗೆ ಕೊಟ್ಟ ಹುಳದ ಮಾತ್ರೆ ಕೊಡಗಿನ ಕಾಫಿ ತೋಟದ ಲೈನ್‌ಮನೆಗಳಲ್ಲಿ (ಕಾರ್ಮಿಕರ ಸಾಲುಮನೆ) ಮಕ್ಕಳ ಹೊಟ್ಟೆ ಸೇರುವುದು ಅಪರೂಪ. ಕಣ್ಣೆದುರು ಜಗಿದು ನುಂಗಿದ ಮೇಲೆಯೇ ನಾನು ಪಟ್ಟಿಯಲ್ಲಿ ಗುರುತು ಹಾಕುವುದು.

ಮಾತ್ರೆ ಆಲ್ಬೆಂಡಜೋಲ್, 400 ಮಿ.ಗ್ರಾಂ. ಒಂದು ವರ್ಷ ತುಂಬಿ ಎರಡು ತುಂಬದ ಮಗುವಿಗೆ ಅರ್ಧ. ಎರಡು ತುಂಬಿದ ಮೇಲೆ 19 ವರ್ಷದವರೆಗೂ ಒಂದು. ವರ್ಷ ತುಂಬದ ಕೂಸಿಗೆ ಕೊಡುವುದಿಲ್ಲ. ಮೂರರೊಳಗಿನ ಮಕ್ಕಳಿಗೆ ಎರಡು ಚಮಚಗಳ ನಡುವೆ ಒತ್ತಿ ಪುಡಿ ಮಾಡಿ, ಕುದಿಸಿ ಆರಿಸಿದ ನೀರಲ್ಲಿ ಕಲಸುತ್ತೇನೆ. ತರಿ ಉಳಿಯಬಾರದು. ಸಿರಪ್ ಇದ್ದರೆ 10 ಮಿ.ಲೀ. ಬಾಟಲಿ ಒಂದು ಪೂರ್ತಿ ಮಾತ್ರೆಗೆ ಸಮ (5 ಮಿ.ಲೀ.ಗೆ 200 ಮಿ.ಗ್ರಾಂ. ಎಂದು ಬರೆದಿದೆಯೇ ನೋಡಿಕೊಳ್ಳಿ). ಔಷಧಿ ತಳದಲ್ಲಿ ಕೂತಿರುತ್ತದೆ, ಕುಲುಕದೆ ಕುಡಿಸಿದರೆ ಬರೀ ಸಿಹಿನೀರು ಕುಡಿಸಿದಂತೆ.

ಈ ಕೆಲಸದಲ್ಲಿ ನಾನು ನಿಜವಾಗಿ ಹೆದರುವುದು ಉಸಿರುಗಟ್ಟುವುದಕ್ಕೆ. ಅಳುವ ಮಗುವಿನ ಮೂಗು ಹಿಡಿದು, ತಲೆ ಹಿಂದಕ್ಕೆ ವಾಲಿಸಿ ಸುರಿಯುವ ಅಭ್ಯಾಸ ಇನ್ನೂ ಇದೆ. ಮಗುವನ್ನು ಕೂರಿಸಿ, ಅಳು ನಿಂತ ಮೇಲೆ ಸ್ವಲ್ಪ ಸ್ವಲ್ಪವೇ ಕುಡಿಸಬೇಕು. ಹಟ ಮಾಡಿದರೆ ಇನ್ನೊಂದು ದಿನ. ಜ್ವರ ಇದ್ದವರಿಗೂ ಅಷ್ಟೇ, ವಾಸಿಯಾದ ಮೇಲೆ.

ಫಿಟ್ಸ್ ಬಂದಿತ್ತೇ ಎಂದು ತಪ್ಪದೆ ಕೇಳುತ್ತೇನೆ. ಹಂದಿಯ ಲಾಡಿಹುಳುವಿನ ಮರಿ ಮಿದುಳಲ್ಲಿ ಗೂಡು ಕಟ್ಟಿದ್ದರೆ, ಈ ಮಾತ್ರೆಯಿಂದ ಅದು ಸಾಯುವಾಗ ಸುತ್ತ ಊದಿಕೊಂಡು ಮತ್ತೆ ಫಿಟ್ಸ್ ಬರಬಹುದು. ಅಂಥ ಮಗು ಮೊದಲು ವೈದ್ಯರ ಬಳಿ ಹೋಗಬೇಕು. ಇದಕ್ಕೆ ಪಂದಿ ಕರಿಯನ್ನು (ಕೊಡಗಿನ ಹಂದಿ ಮಾಂಸದ ಅಡುಗೆ) ದೂರುವುದು ಸರಿಯಲ್ಲ. ಬೇಯದ ಮಾಂಸದಿಂದ ಕರುಳಿಗೆ ಲಾಡಿಹುಳು ಸೇರುತ್ತದೆ ನಿಜ; ಆದರೆ ಮಿದುಳಿಗೆ ಹೋಗುವುದು ಆ ಹುಳ ಇರುವ ಮನುಷ್ಯರ ಮಲದಿಂದ ಕೈಗೆ, ನೀರಿಗೆ, ಸೊಪ್ಪಿಗೆ ಅಂಟಿದ ಮೊಟ್ಟೆ.

ಹೊಟ್ಟೆ ಉಬ್ಬಿ, ಹಸಿರು ವಾಂತಿಯಾಗಿ, ಮಲವೂ ಗಾಳಿಯೂ ಹೋಗದಿದ್ದರೆ ಹುಳಗಳು ಗಂಟುಬಿದ್ದು ಕರುಳು ಕಟ್ಟಿರಬಹುದು. ಆಗ ಮಾತ್ರೆ ಮುಟ್ಟಿಸದೆ ನೇರ ಮಡಿಕೇರಿಯ ದೊಡ್ಡಾಸ್ಪತ್ರೆಗೆ.

‘ಹುಳವೇ ಬೀಳಲಿಲ್ಲ’ ಎಂಬ ದೂರು ಮರುದಿನ ಬಂದೇ ಬರುತ್ತದೆ. ಹುಳ ಸಕ್ಕರೆ ಹೀರಲಾಗದೆ ನಿಧಾನ ಸಾಯುತ್ತದೆ, ಅದಕ್ಕೆ ಕೆಲವು ದಿನ ಬೇಕು. ಕೊಕ್ಕೆಹುಳು ಸೆಂಟಿಮೀಟರ್ ಉದ್ದದ ದಾರದೆಳೆ, ಬಿದ್ದರೂ ಕಾಣದು. ಹರಳೆಣ್ಣೆ ಕುಡಿಸಿ ಹೊಟ್ಟೆ ತೊಳೆಯುವುದೂ ಬೇಡ, ಉಪವಾಸವೂ ಬೇಡ. ಉಂಡ ಮೇಲೆ ಕೊಟ್ಟರೆ ವಾಕರಿಕೆ ಕಡಿಮೆ. ಹುಳ ಹೆಚ್ಚಿದ್ದ ಮಗುವಿಗೆ ಹೊಟ್ಟೆನೋವು, ಒಂದೆರಡು ಸಲ ಭೇದಿ ಆಗಬಹುದು. ನೆರಳಲ್ಲಿ ಮಲಗಿಸಿ ನೀರು ಕೊಟ್ಟರೆ ಸಾಕು.

2015ರಲ್ಲಿ ಶುರುವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಬರುವುದು ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ. ಕೊಡಗಿಗೆ ಎರಡೂ ಇಕ್ಕಟ್ಟು. ಫೆಬ್ರುವರಿಯಲ್ಲಿ ರೋಬಸ್ಟಾ ಕಾಫಿ ಕುಯ್ಲು, ಮಕ್ಕಳು ಅಪ್ಪ ಅಮ್ಮನ ಜೊತೆ ತೋಟದಲ್ಲಿ. ಆಗಸ್ಟ್‌ನಲ್ಲಿ ಮಳೆ ರಜೆ. ಹಾಗಾಗಿ ತೋಟದ ರೈಟರಿಗೆ (ಲೆಕ್ಕ ಬರೆಯುವವರಿಗೆ) ಮೊದಲೇ ಹೇಳಿ, ಸಂತೆ ದಿನ ಬಿಟ್ಟು, ಸಂಜೆ ಐದರ ಮೇಲೆ ಲೈನಿಗೇ ಹೋಗುತ್ತೇನೆ. ಶಾಲೆಯಲ್ಲೂ ಲೈನಿನಲ್ಲೂ ಎರಡು ಮಾತ್ರೆ ಬಿದ್ದರೆ ಗಾಬರಿ ಬೇಡ, ಆದರೂ ಪಟ್ಟಿ ಒಂದೇ ಇರಲಿ.

ಒಂದು ಮಾತ್ರೆ ಎಲ್ಲ ಹುಳಕ್ಕೂ ಸಮನಾಗಿ ನಾಟುವುದಿಲ್ಲ. ದುಂಡುಹುಳು, ಕೊಕ್ಕೆಹುಳುಗಳಿಗೆ ಚೆನ್ನಾಗಿ ನಾಟುತ್ತದೆ. ಚಾಟಿಹುಳುವಿಗೆ ಸಾಲದು, ಮಲಪರೀಕ್ಷೆಯಲ್ಲಿ ಅದು ಕಂಡರೆ ವೈದ್ಯರು ದಿನಕ್ಕೊಂದರಂತೆ ಮೂರು ದಿನ ಬರೆಯುತ್ತಾರೆ. ರಾತ್ರಿ ಗುದ ತುರಿಸಿದರೆ ಸೂಜಿಹುಳು: ಎರಡು ವಾರ ಬಿಟ್ಟು ಮತ್ತೊಂದು ಡೋಸ್, ಅದೂ ಮನೆಮಂದಿಗೆಲ್ಲ ಒಂದೇ ದಿನ (ಬಸುರಿಯರನ್ನು ವೈದ್ಯರಿಗೆ ಕೇಳದೆ ಸೇರಿಸಬಾರದು). ಅಂದೇ ಉಗುರು ಕತ್ತರಿಸಿ, ಹೊದಿಕೆಯನ್ನು ಬಿಸಿನೀರಲ್ಲಿ ಒಗೆಯದಿದ್ದರೆ ತಿಂಗಳೊಳಗೆ ಅದೇ ಕತೆ. ಜಿಡ್ಡು ಜಿಡ್ಡಾದ, ನಾರುವ ಭೇದಿ ವಾರಗಟ್ಟಲೆ ನಿಲ್ಲದಿದ್ದರೆ ಜಿಯಾರ್ಡಿಯಾ ಇರಬಹುದು. ಅದು ಹುಳವೇ ಅಲ್ಲ, ಈ ಒಂಟಿ ಮಾತ್ರೆಗೆ ಬಗ್ಗುವುದಿಲ್ಲ. ಅದಕ್ಕೆ ಮೆಟ್ರೊನಿಡಜೋಲ್ ಅಥವಾ ಟಿನಿಡಜೋಲ್, ತೂಕ ನೋಡಿ. ಇನ್ನು ನಿದ್ದೆಯಲ್ಲಿ ಹಲ್ಲು ಕಡಿಯುವುದಕ್ಕೆಲ್ಲ ಹುಳವೇ ಕಾರಣ ಎಂದು ನಾನು ಒಪ್ಪುವುದಿಲ್ಲ.

ನಮ್ಮ ತೋಟಗಳ ನೆರಳು, ತೇವ, ಬರಿಗಾಲು ಕೊಕ್ಕೆಹುಳುವಿಗೆ ಹೇಳಿ ಮಾಡಿಸಿದ್ದು. ಮರಿ ಮಣ್ಣಿನಿಂದ ಪಾದದ ಚರ್ಮ ತೂರಿ ಒಳಹೋಗಿ, ಕೊನೆಗೆ ಕರುಳಿಗೆ ಕಚ್ಚಿ ರಕ್ತ ಕುಡಿಯುತ್ತದೆ. ಹುಳ ಸತ್ತರೂ ಹೋದ ರಕ್ತ ತಾನಾಗಿ ತುಂಬದು. ಕಣ್ಣಿನ ಕೆಳರೆಪ್ಪೆ ಬಿಳಚಿದ್ದರೆ ಹಿಮೋಗ್ಲೋಬಿನ್ ನೋಡಿಸಿ ಕಬ್ಬಿಣದ ಸಿರಪ್ ಶುರು ಮಾಡಿಸುತ್ತೇನೆ. ಕಾಫಿ, ಟೀ ಜೊತೆ ಕೊಟ್ಟರೆ ಕಬ್ಬಿಣ ಮೈಗೆ ಹತ್ತದು. ಮಲ ಕಪ್ಪಾದರೆ ನಿಲ್ಲಿಸಬೇಕಿಲ್ಲ. ಯರವ, ಜೇನುಕುರುಬ ಹಾಡಿಗಳ ಮಗುವಿಗೆ ಹುಳದ ಮಾತ್ರೆ, ಕಬ್ಬಿಣ ಎರಡೂ ಸರಿಯಾಗಿ ಹೋಗಿಯೂ ಬಿಳಚಿಕೆ ಇಳಿಯದಿದ್ದರೆ, ಮೂರನೇ ಬಾಟಲಿ ಕೊಡುವ ಬದಲು ಸಿಕಲ್ ಸೆಲ್ (ವಂಶಪಾರಂಪರ್ಯವಾಗಿ ಬರುವ ರಕ್ತದ ಕಾಯಿಲೆ) ಪರೀಕ್ಷೆಗೆ ರಕ್ತ ಕಳಿಸುತ್ತೇನೆ.