ಆರ್ಸೆನಿಕ್ ದೂಳು, ಆರ್ಸೀನ್ ಅನಿಲ: ಕಾರ್ಮಿಕರನ್ನು ಕಾಪಾಡುವುದು ಹೇಗೆ?

ಹುಬ್ಬಳ್ಳಿಯ ತಾರಿಹಾಳ, ಗೋಕುಲ ರಸ್ತೆ ಅಥವಾ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳಲ್ಲಿ ಆರ್ಸೆನಿಕ್ ಎಂಬ ವಿಷದ ಹೆಸರು ಬರೆದ ಡಬ್ಬಿ ಹುಡುಕಿದರೆ ಬಹುಶಃ ಸಿಗಲಾರದು. ಆದರೆ ಬ್ಯಾಟರಿಯ ಸೀಸದ ಜಾಲರಿ ಗಟ್ಟಿಯಾಗಲೆಂದು ಆಂಟಿಮನಿಯ ಜೊತೆಗೆ ಅಲ್ಪ ಆರ್ಸೆನಿಕ್ ಬೆರೆಸುವುದುಂಟು. ತಾಮ್ರ, ಸೀಸ, ಸತುವಿನ ಅದಿರಿನಲ್ಲಿ ಅದು ಸಹಜವಾಗಿಯೇ ಸೇರಿಕೊಂಡಿರುತ್ತದೆ. ಗೆದ್ದಲು ಹತ್ತದಂತೆ ಆರ್ಸೆನಿಕ್ ದ್ರಾವಣ ಹೀರಿಸಿದ ಹಳೆಯ ಮರವನ್ನು ಕೊಯ್ದಾಗ ಅದು ದೂಳಿನಲ್ಲಿಯೂ ಸುಟ್ಟಾಗ ಹೊಗೆ ಮತ್ತು ಬೂದಿಯಲ್ಲಿಯೂ ಇರುತ್ತದೆ. ಗದಗ ಸೀಮೆಯ ಚಿನ್ನದ ಅದಿರಿನಲ್ಲಿಯೂ ಆರ್ಸೆನೋಪೈರೈಟ್ ಎಂಬ ಖನಿಜವಿದೆ. ಅಜೈವಿಕ ಆರ್ಸೆನಿಕ್, ಅಂದರೆ ಅದಿರು, ಲೋಹಗಳಲ್ಲಿ ಇರುವ ರೂಪದ ಆರ್ಸೆನಿಕ್, ಶ್ವಾಸಕೋಶ, ಚರ್ಮ ಮತ್ತು ಮೂತ್ರಕೋಶದ ಕ್ಯಾನ್ಸರ್ ತರುತ್ತದೆ ಎಂಬುದು ಖಚಿತವಾಗಿರುವುದರಿಂದ, ಸ್ವಲ್ಪವೇ ಇದೆ ಎಂದು ಸುಮ್ಮನಿರುವಂತಿಲ್ಲ.

ಮೊದಲ ಕೆಲಸ, ಅದು ಎಲ್ಲಿದೆ ಎಂದು ಪತ್ತೆ ಹಚ್ಚುವುದು. ಹೊಸ ಲೋಹ ಅಥವಾ ರಾಸಾಯನಿಕ ಕೊಳ್ಳುವಾಗ ಮಾರಾಟಗಾರರಿಂದ ಸುರಕ್ಷತಾ ಮಾಹಿತಿ ಪತ್ರವನ್ನು ಕೇಳಿ ಪಡೆಯಬೇಕು. ಗುಜರಿ ಮಾಲಿಗೆ ಅಂಥ ಪತ್ರ ಇರುವುದಿಲ್ಲವಾದ್ದರಿಂದ, ಪರೀಕ್ಷೆಯಲ್ಲಿ ಇಲ್ಲವೆಂದು ತಿಳಿಯುವವರೆಗೆ ಹಳೆಯ ಬ್ಯಾಟರಿಯ ಸೀಸದಲ್ಲಿ ಆರ್ಸೆನಿಕ್ ಇದೆ ಎಂದೇ ಭಾವಿಸಿ ನಡೆದುಕೊಳ್ಳುವುದು ಒಳಿತು.

ಎರಡನೆಯದು, ಅನಿಲ ಹುಟ್ಟದಂತೆ ನೋಡಿಕೊಳ್ಳುವುದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು ಇದನ್ನೇ. ಆರ್ಸೆನಿಕ್ ಇರುವ ಲೋಹಕ್ಕೆ ಆಸಿಡ್ ತಗುಲಿದರೆ ಆರ್ಸೀನ್ ಎಂಬ ಬಣ್ಣವಿಲ್ಲದ ಅನಿಲ ಹೊರಡುತ್ತದೆ. ಕುಲುಮೆಯಿಂದ ತೆಗೆದ ಬಿಸಿ ಕಿಟ್ಟವನ್ನು ಬೇಗ ಆರಿಸಲೆಂದು ಒಂದು ಬಕೆಟ್ ನೀರು ಸುರಿದರೂ ಅದು ಹುಟ್ಟಬಹುದು. ಇದಕ್ಕೆ ಬೆಳ್ಳುಳ್ಳಿಯಂಥ ವಾಸನೆಯಿದ್ದರೂ ಮೂಗನ್ನು ನಂಬುವಂತಿಲ್ಲ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 0.05 ಭಾಗ ಎಂಬುದು ಅದರ ಮಿತಿಯಾದರೆ, ವಾಸನೆ ತಿಳಿಯುವುದು ಸುಮಾರು 0.5 ಭಾಗ ತಲುಪಿದ ಮೇಲೆ. ಅನಿಲ ಸೇವಿಸಿದವನಿಗೆ ಆ ಕ್ಷಣದಲ್ಲಿ ಏನೂ ಅನಿಸದಿರಬಹುದು. ಕೆಲವು ತಾಸುಗಳ ನಂತರ ತಲೆನೋವು, ವಾಂತಿ, ಹೊಟ್ಟೆನೋವು ಶುರುವಾಗಿ, ರಕ್ತಕಣಗಳು ಒಡೆದು ಮೂತ್ರ ಕಡುಗೆಂಪಾಗುತ್ತದೆ, ಕಣ್ಣು ಹಳದಿಯಾಗುತ್ತದೆ, ಕಿಡ್ನಿ ಕೆಡುತ್ತದೆ. ಇದನ್ನು ಬರೀ ಕಾಮಾಲೆ ಎಂದು ತಿಳಿದು ನಾಟಿ ಔಷಧಿಗೆ ಹೋದರೆ ಜೀವಕ್ಕೇ ಕುತ್ತು. ತಕ್ಷಣ ದೊಡ್ಡ ಆಸ್ಪತ್ರೆಗೆ ಕರೆದೊಯ್ದು, ಆರ್ಸೀನ್ ಇರಬಹುದೆಂಬ ಶಂಕೆಯನ್ನು ವೈದ್ಯರಿಗೆ ಬರೆದೇ ಕೊಡಬೇಕು. ಆದ್ದರಿಂದ ಆಸಿಡ್ ತೊಟ್ಟಿ ಮತ್ತು ಕಿಟ್ಟದ ರಾಶಿ ಬೇರೆ ಬೇರೆ ಕಡೆ ಇರಲಿ. ಕಿಟ್ಟ ಮೇಲೆ ಸೂರಿರುವ, ಒಣ ಜಾಗದಲ್ಲಿ ತಾನಾಗಿಯೇ ತಣಿಯಲಿ.

ಮೂರನೆಯದು ದೂಳು ಮತ್ತು ಹೊಗೆ. ಅವು ಏಳುವ ಜಾಗದಲ್ಲಿಯೇ ಎಳೆದುಕೊಳ್ಳುವ ಹೊಗೆಗೂಡು ಕುಲುಮೆಯ ಮೇಲೆ ಬೇಕು. ಗೋಡೆಯ ಎಕ್ಸಾಸ್ಟ್ ಫ್ಯಾನ್ ಹೊಗೆಯನ್ನು ಕೆಲಸಗಾರನ ಮುಖದ ಮುಂದಿನಿಂದಲೇ ಎಳೆದೊಯ್ಯುವುದರಿಂದ ಅದೊಂದೇ ಸಾಲದು. ಒಣ ಕಸಬರಿಗೆಯಿಂದ ಗುಡಿಸುವುದನ್ನೂ ಬಟ್ಟೆಯ ದೂಳನ್ನು ಕಂಪ್ರೆಸರ್ ಗಾಳಿಯಿಂದ ಹಾರಿಸುವುದನ್ನೂ ಪೂರ್ತಿ ನಿಲ್ಲಿಸಬೇಕು. ತಣಿದ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು, ಇಲ್ಲವೇ ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಬಳಸಬಹುದು.

ಮಾಸ್ಕ್ ಬರುವುದು ಇವೆಲ್ಲ ಆದ ಮೇಲೆ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಅದು ಈ ಸಣ್ಣ ಕಣಗಳನ್ನು ತಡೆಯುವುದಿಲ್ಲ. ಹೆಪಾ ದರ್ಜೆಯ ಫಿಲ್ಟರ್ ಇರುವ ರಬ್ಬರ್ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು, ಗಡ್ಡವಿದ್ದರೆ ಅದು ಕೂರುವುದಿಲ್ಲ. ಆರ್ಸೀನ್ ಶಂಕೆ ಇರುವಲ್ಲಿ ಯಾವ ದೂಳಿನ ಮಾಸ್ಕೂ ಪ್ರಯೋಜನಕ್ಕೆ ಬಾರದು. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಸಾಧನವೇ ಬೇಕು.

ಕೈಯಿಂದ ಬಾಯಿಗೆ ಹೋಗುವ ವಿಷವನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಲಸದ ನಡುವೆ ಅಂಗೈಯಲ್ಲಿ ತಂಬಾಕು, ಸುಣ್ಣ ತಿಕ್ಕುವಾಗ ಅಂಗೈಯ ಗೆರೆಗಳಲ್ಲಿ ಕೂತ ದೂಳೂ ಅದರೊಂದಿಗೆ ಬೆರೆತು ತುಟಿಯ ಹಿಂದೆ ಸೇರುತ್ತದೆ. ಬುತ್ತಿ ಬಿಚ್ಚಿ ರೊಟ್ಟಿ ಮುರಿಯುವಾಗ ಆಗುವುದೂ ಅದೇ. ಊಟದ ಜಾಗ ಬೇರೆಯೇ ಇರಬೇಕು, ಅದರ ಬಾಗಿಲಲ್ಲಿಯೇ ನಲ್ಲಿ ಮತ್ತು ಸಾಬೂನು ಇರಬೇಕು. ಕೆಲಸದ ಬಟ್ಟೆಗೆ ಮತ್ತು ಮನೆಯ ಬಟ್ಟೆಗೆ ಪ್ರತ್ಯೇಕ ಕಪಾಟು ಕೊಟ್ಟು, ಶಿಫ್ಟ್ ಮುಗಿದ ಮೇಲೆ ಸ್ನಾನ ಮಾಡಿಯೇ ಹೊರಡುವ ವ್ಯವಸ್ಥೆ ಮಾಡಬೇಕು; ಕೆಲಸದ ಬಟ್ಟೆಯನ್ನು ಕಾರ್ಖಾನೆಯೇ ಒಗೆಸಬೇಕು. ಆ ಬಟ್ಟೆಯನ್ನು ಮನೆಯಲ್ಲಿ ಒಗೆಯುವ ತಾಯಿಯೋ ಹೆಂಡತಿಯೋ ಕೂಲಿಯಿಲ್ಲದೆ ಅದೇ ಅಪಾಯಕ್ಕೆ ಒಡ್ಡಿಕೊಳ್ಳುತ್ತಾಳೆ.

ಗಾಳಿಯಲ್ಲಿ ಆರ್ಸೆನಿಕ್ ಎಷ್ಟಿದೆ ಎಂದು ಅಳೆಯಿಸುವಾಗ ಯಾವ ಮಿತಿ ಹಿಡಿಯಬೇಕೆಂಬ ಪ್ರಶ್ನೆ ಬರುತ್ತದೆ. ನಮ್ಮ 1948ರ ಕಾರ್ಖಾನೆ ಕಾಯಿದೆಯ ಅನುಸೂಚಿಯಲ್ಲಿ ಇದ್ದದ್ದು ಘನಮೀಟರಿಗೆ 0.2 ಮಿಲಿಗ್ರಾಂ. ಅಮೆರಿಕದ ನಿಯಮ ಎಂಟು ತಾಸಿನ ಸರಾಸರಿಗೆ 10 ಮೈಕ್ರೋಗ್ರಾಂ (0.01 ಮಿಲಿಗ್ರಾಂ) ಎನ್ನುತ್ತದೆ, ಅಂದರೆ ನಮ್ಮ ಆ ಮಿತಿಯ ಇಪ್ಪತ್ತನೇ ಒಂದು ಪಾಲು. ಕಾರ್ಮಿಕರ ಜೀವದ ಮಾತಾದ್ದರಿಂದ ಕಟ್ಟುನಿಟ್ಟಾದ ಮಿತಿಯನ್ನೇ ಗುರಿಯಾಗಿ ಇಟ್ಟುಕೊಳ್ಳಬೇಕು.

ಮೈಯೊಳಗೆ ಎಷ್ಟು ಸೇರಿದೆ ಎಂಬುದನ್ನು ವಾರದ ಕೆಲಸದ ಕೊನೆಗೆ ಮಾಡಿಸುವ ಮೂತ್ರ ಪರೀಕ್ಷೆ ತಿಳಿಸುತ್ತದೆ. ಮೀನು, ಸೀಗಡಿ ತಿಂದವರಲ್ಲಿ ಅಪಾಯವಿಲ್ಲದ ಜೈವಿಕ ಆರ್ಸೆನಿಕ್ ಕೂಡ ಲೆಕ್ಕಕ್ಕೆ ಬರುವುದರಿಂದ, ಪರೀಕ್ಷೆಗೆ ಮೂರು ನಾಲ್ಕು ದಿನ ಮೊದಲೇ ಅವನ್ನು ಬಿಡಬೇಕು. ಅಂಗೈ, ಅಂಗಾಲಿನಲ್ಲಿ ಗಡಸು ಗಂಟು, ಮೈಮೇಲೆ ಕಪ್ಪು-ಬಿಳಿ ಚುಕ್ಕೆ, ಕೈಕಾಲು ಜೋಮು ಕಂಡರೆ ಪರೀಕ್ಷೆಯ ಸರದಿಗೆ ಕಾಯಬಾರದು.

ಆರ್ಸೆನಿಕ್ ವಿಷಬಾಧೆ ಕಾನೂನಿನ ಪ್ರಕಾರ ಅಧಿಸೂಚಿತ ಕಾಯಿಲೆ. ಮಾಲೀಕರೂ ಚಿಕಿತ್ಸೆ ಕೊಟ್ಟ ವೈದ್ಯರೂ ಅದನ್ನು ಕಾರ್ಖಾನೆ ಇಲಾಖೆಗೆ ತಿಳಿಸಲೇಬೇಕು, ಮತ್ತು ಕಾರ್ಮಿಕನಿಗೆ ಪರಿಹಾರ ಕೇಳುವ ಹಕ್ಕಿದೆ. ಕ್ಯಾನ್ಸರ್ ಹಲವು ವರ್ಷಗಳ ನಂತರ ಕಾಣಿಸಿಕೊಳ್ಳಬಹುದಾದ್ದರಿಂದ, ಕೆಲಸ ಬಿಡುವ ಪ್ರತಿಯೊಬ್ಬರೂ ತಮ್ಮ ಪರೀಕ್ಷಾ ವರದಿಗಳ ಪ್ರತಿಯನ್ನು ಕೇಳಿ ಪಡೆದು ಇಟ್ಟುಕೊಳ್ಳಬೇಕು.